ಖಾಲಿ ತೋಟೆಯ ಲೆಕ್ಕ

(ಕೊಡಗು ಮತ್ತು ಮಲೆನಾಡಿನಿಂದ ಬಂದು ಬೆಂಗಳೂರಿನ ಸುಬ್ರಹ್ಮಣ್ಯಪುರದ ಸುತ್ತಮುತ್ತ ನೆಲೆಸಿರುವ ಕುಟುಂಬಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪುತ್ತರಿಯ ರಾತ್ರಿ ಕದಿರು ಕೊಯ್ಯುವ ಮುಹೂರ್ತಕ್ಕೆ ಸರಿಯಾಗಿ ಗದ್ದೆಯ ಬದುವಿನಿಂದ ಒಂದು ಈಡು ಹಾರುತ್ತದೆ. ಆ ಸದ್ದು ಎದುರಿನ ಬೆಟ್ಟಕ್ಕೆ ತಾಗಿ ಹಿಂದಿರುಗುವಷ್ಟರಲ್ಲಿ ಎಲ್ಲರ ಕಣ್ಣು ಕದಿರಿನ ಮೇಲೆ ನೆಟ್ಟಿರುತ್ತದೆ. ಈಡು ಹಾರಿಸಿದವರು ಜೋಡುನಳಿಗೆ ಕೋವಿಯನ್ನು ತೆರೆಯುತ್ತಾರೆ. ಖಾಲಿ ತೋಟೆಯೊಂದು ಹೆಗಲ ಮೇಲಿನಿಂದ ಹಿಂದಕ್ಕೆ ಹಾರಿ, ಕತ್ತಲೆಯಲ್ಲಿ ಪೈರಿನ ಬುಡಕ್ಕೆ ಬೀಳುತ್ತದೆ. ಅದನ್ನು ಹುಡುಕುವವರು ಯಾರೂ ಇಲ್ಲ. ಈ ಉಪನ್ಯಾಸದ ವಿಷಯ ಆ ತೋಟೆ.

ಕೋವಿ ಕೊಡಗಿನಲ್ಲಿ ಕೇವಲ ಆಯುಧವಲ್ಲ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಮುಹೂರ್ತದಲ್ಲಿ ಅದನ್ನು ತೊಳೆದು, ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಬಳಿಕ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ ನಡೆಯುತ್ತದೆ. ಗಂಡುಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವು ಸಂಭವಿಸಿದಾಗ ಎರಡು ಈಡು ಹಾರಿಸುವುದು ಹಳೆಯ ಪದ್ಧತಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, 1959ರ ಶಸ್ತ್ರಾಸ್ತ್ರ ಕಾಯಿದೆಯ ಕಾಲಕ್ಕೂ ಉಳಿಯಿತು. 2019ರಲ್ಲಿ ಕೇಂದ್ರ ಸರಕಾರ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂತಹ ಹಕ್ಕು ಬೇರೆಲ್ಲೂ ಸುಲಭವಾಗಿ ಸಿಗುವಂಥದ್ದಲ್ಲ. ಹಕ್ಕು ದೊಡ್ಡದಾದಷ್ಟೂ ಅದರ ಹಿಂದೆ ನೆಲದ ಮೇಲೆ ಉಳಿಯುವ ಕಸದ ಹೊಣೆಯೂ ದೊಡ್ಡದು.

ಹಿಂದಿನವರಿಗೆ ಈ ಹೊಣೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿತ್ತಾಳೆಯ ತೋಟೆ ಬೆಲೆಬಾಳುವ ವಸ್ತುವಾಗಿತ್ತು. ಹೊಸ ಕೇಪು ಕೂರಿಸಿ, ಮದ್ದು, ಬಿರಡೆ, ಚರೆ ತುಂಬಿ ಅದನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ಒಂದು ತೋಟೆ ಕಾಣೆಯಾದರೆ ಹುಲ್ಲು ಸರಿಸಿ ಹುಡುಕುತ್ತಿದ್ದರು. ಕಾಗದದ ತೋಟೆ ಮಳೆಗೆ ಉಬ್ಬಿ ಕೊಳೆಯುತ್ತಿತ್ತು. ತಳದ ಲೋಹ ಮಾತ್ರ ಉಳಿಯುತ್ತಿತ್ತು. ಈಗಿನದು ಪ್ಲಾಸ್ಟಿಕ್ ತೋಟೆ. ಮನೆಗಳಲ್ಲಿ ಇದನ್ನು ಮರಳಿ ತುಂಬುವ ರೂಢಿಯಿಲ್ಲ. ಬೆಲೆಯಿಲ್ಲದ ವಸ್ತುವನ್ನು ಬಗ್ಗಿ ಎತ್ತಿಕೊಳ್ಳುವವರೂ ಇಲ್ಲ. ಕಾಫಿ ತೋಟದ ನೆರಳಿನಲ್ಲಿ, ದರಗಿನ ಅಡಿಯಲ್ಲಿ ಬಿಸಿಲು ತಾಗದ ಪ್ಲಾಸ್ಟಿಕ್ ಬಹುಕಾಲ ಹಾಗೆಯೇ ಇರುತ್ತದೆ. ಮರುಬಳಕೆ ನಿಂತುಹೋಯಿತು, ಅದರ ಜೊತೆಗೆ ಲೆಕ್ಕವೂ ತಪ್ಪಿತು.

ಲೆಕ್ಕ ತಪ್ಪಿಸುವಲ್ಲಿ ಕೋವಿಯ ಯಂತ್ರರಚನೆಗೂ ಪಾಲಿದೆ. ಜೋಡುನಳಿಗೆಯಲ್ಲಿ ಎರಡು ಬಗೆ. ಎಕ್ಸ್‌ಟ್ರಾಕ್ಟರ್ ಮಾತ್ರ ಇರುವ ಕೋವಿ ತೆರೆದಾಗ ತೋಟೆಗಳನ್ನು ತುಸು ಮೇಲಕ್ಕೆತ್ತಿ ಕೊಡುತ್ತದೆ; ಬೆರಳಿನಿಂದ ಹಿಡಿದು ಹೊರಗೆಳೆಯಬೇಕು. ಆದ್ದರಿಂದ ತೋಟೆ ತಾನಾಗಿಯೇ ಕೈಗೆ ಬರುತ್ತದೆ, ಕೈಯಿಂದ ಜೇಬಿಗೆ ಹೋಗುತ್ತದೆ. ಎಜೆಕ್ಟರ್ ಇರುವ ಕೋವಿಯಲ್ಲಿ ಪ್ರತಿ ನಳಿಗೆಗೂ ಬೇರೆ ಬೇರೆ ಸ್ಪ್ರಿಂಗ್ ಇರುತ್ತದೆ. ಯಾವ ನಳಿಗೆಯ ಕುದುರೆ ಬಿದ್ದಿದೆಯೋ ಆ ನಳಿಗೆಯ ತೋಟೆಯನ್ನು ಅದು ಹೊಡೆದು ಹೊರಗೆ ಎಸೆಯುತ್ತದೆ. ಹಾರಿಸದ ತೋಟೆಯನ್ನು ಎತ್ತಿ ತೋರಿಸುವುದಷ್ಟೇ. ಬೇಗ ಬೇಗ ಮರುತುಂಬಬೇಕಾದ ಬೇಟೆಗಾರರಿಗಾಗಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಕೋವಿ ತಯಾರಕರು ಬೆಳೆಸಿದ ಅನುಕೂಲವಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಬೇಟೆಯೇ ನಿಂತಿರಬೇಕಾದ ಕಾಲ ಇದು. ಹಬ್ಬದ ಈಡಿಗಾಗಲಿ, ಬೆಳೆಗೆ ಬಂದ ಪ್ರಾಣಿಯನ್ನು ಬೆದರಿಸಲು ಗಾಳಿಯಲ್ಲಿ ಹಾರಿಸುವ ಈಡಿಗಾಗಲಿ ಆ ಅವಸರದ ಅಗತ್ಯವಿಲ್ಲ.

ಎಜೆಕ್ಟರ್ ಇದ್ದರೂ ತೋಟೆಯನ್ನು ನೆಲಕ್ಕೆ ಬೀಳಿಸದಿರಲು ಸಾಧ್ಯ. ನಳಿಗೆಯ ಬಾಯಿ ಜನರಿಲ್ಲದ ಕಡೆ ನೆಲಕ್ಕೆ ಮುಖ ಮಾಡಿರಬೇಕು. ಎಡಗೈ ನಳಿಗೆಯ ಕೆಳಗೆ ಇರಲಿ. ಬಲಗೈ ಹೆಬ್ಬೆರಳಿನಿಂದ ಮೇಲಿನ ಸನ್ನೆಯನ್ನು ಸರಿಸಿ, ಕೂಡಲೇ ಅದೇ ಅಂಗೈಯನ್ನು ಬೊಗಸೆಯಂತೆ ಬಾಗಿಸಿ ನಳಿಗೆಯ ಹಿಂಬದಿಗೆ ಮುಚ್ಚಬೇಕು. ಅನಂತರ ಕೋವಿಯನ್ನು ನಿಧಾನವಾಗಿ ಪೂರ್ತಿ ತೆರೆದರೆ, ಹಾರಬೇಕಾದ ತೋಟೆ ಅಂಗೈಗೆ ಬಂದು ತಾಗುತ್ತದೆ. ಹತ್ತಿಪ್ಪತ್ತು ಸಲ ಮಾಡಿದರೆ ಕೈಗೆ ರೂಢಿಯಾಗುತ್ತದೆ. ಮುಖ ಬಗ್ಗಿಸಿ ಒಳಗೆ ಇಣುಕುತ್ತಾ ತೆರೆಯುವುದು ಮಾತ್ರ ಕೂಡದು. ಹಿತ್ತಾಳೆಯ ಅಂಚು ಕಣ್ಣಿಗೆ ಬಡಿದೀತು. ಮಕ್ಕಳು ಹಿಂದೆ ನಿಲ್ಲದಂತೆ ನೋಡಿಕೊಳ್ಳಬೇಕಾದುದೂ ಇದೇ ಕಾರಣಕ್ಕೆ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಎಜೆಕ್ಟರ್ ತೋಟೆಯನ್ನು ಎಸೆಯುವುದು ಕುದುರೆ ಬಿದ್ದಿದೆ ಎಂಬ ಕಾರಣಕ್ಕೆ. ಮದ್ದು ಸಿಡಿದಿದೆ ಎಂಬ ಕಾರಣಕ್ಕೆ ಅಲ್ಲ. ಮಳೆಗಾಲದ ತೇವಕ್ಕೆ ಕೆಟ್ಟ ತೋಟೆಯ ಕೇಪು ಹೊಡೆತ ತಿಂದೂ ಸಿಡಿಯದೆ ಇರಬಹುದು. ಆಗ ಜೀವವಿರುವ ತೋಟೆಯೂ ಖಾಲಿ ತೋಟೆಯಂತೆಯೇ ಹಿಂದಕ್ಕೆ ಹಾರಿ ಹುಲ್ಲಿನಲ್ಲಿ ಬೀಳುತ್ತದೆ. ಕೆಲವೊಮ್ಮೆ ಮದ್ದು ತಡವಾಗಿ ಸಿಡಿಯುವುದೂ ಉಂಟು. ಆದ್ದರಿಂದ ಕುದುರೆ ಬಿದ್ದು ಸದ್ದು ಬಾರದಿದ್ದರೆ ನಳಿಗೆಯನ್ನು ಅದೇ ದಿಕ್ಕಿನಲ್ಲಿ ಹಿಡಿದು, ಒಂದು ಪೂರ್ತಿ ನಿಮಿಷ ಕಾದು, ಬಳಿಕ ತೆರೆಯಬೇಕು. ಹೆಕ್ಕಿದ ಪ್ರತಿ ತೋಟೆಯ ಬಾಯಿ ನೋಡಬೇಕು. ಖಾಲಿ ತೋಟೆಯ ಬಾಯಿ ಬಿಚ್ಚಿಕೊಂಡು ಒಳಗೆ ಟೊಳ್ಳಾಗಿರುತ್ತದೆ. ಬಾಯಿ ಮುಚ್ಚಿಕೊಂಡು, ಕೇಪಿನ ಮೇಲೆ ಗುಳಿ ಮಾತ್ರ ಬಿದ್ದಿದ್ದರೆ ಅದು ಸಿಡಿಯದ ತೋಟೆ. ಅದನ್ನು ಬೆಂಕಿಗೆ, ಕೆರೆಗೆ, ಗೊಬ್ಬರದ ಗುಂಡಿಗೆ ಹಾಕಬಾರದು. ಬೇರೆಯಾಗಿಟ್ಟು, ಪರವಾನಗಿ ಪಡೆದ ಮದ್ದುಗುಂಡಿನ ವ್ಯಾಪಾರಿಯನ್ನು ಅಥವಾ ಪೊಲೀಸ್ ಠಾಣೆಯನ್ನು ವಿಚಾರಿಸಿ ಒಪ್ಪಿಸಬೇಕು.

ಗದ್ದೆಯಲ್ಲಿ ಬಿದ್ದ ಖಾಲಿ ತೋಟೆ ಅಲ್ಲಿಯೇ ಸುಮ್ಮನಿರುವುದಿಲ್ಲ. ಉಳುವಾಗ ಕೆಸರಿನೊಳಗೆ ಸೇರಿ, ತಳದ ಲೋಹದ ಅಂಚು ನಾಟಿ ಮಾಡುವವರ ಬರಿಗಾಲಿಗೆ ಕಾದಿರುತ್ತದೆ. ಹರಿದ ಪ್ಲಾಸ್ಟಿಕ್ ಹುಲ್ಲಿನೊಡನೆ ಕೊಟ್ಟಿಗೆಗೆ ಬಂದರೆ ಹಸುವಿನ ಹೊಟ್ಟೆ ಸೇರಬಹುದು. ಕೇಪಿನ ರಾಸಾಯನಿಕದಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಸಿಡಿದ ಮೇಲೆ ಅದರ ಮಸಿ ತೋಟೆಯ ಒಳಗೋಡೆಗೆ ಅಂಟಿರುತ್ತದೆ. ಮಕ್ಕಳು ಬಣ್ಣದ ಖಾಲಿ ತೋಟೆಯನ್ನು ಆಯ್ದು ತುಟಿಗಿಟ್ಟು ಸಿಳ್ಳೆ ಊದುತ್ತಾರೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೋಟೆ ಆಟದ ಸಾಮಾನಲ್ಲ. ಅದನ್ನು ಮುಟ್ಟಿದ ಹಿರಿಯರೂ ಉಣ್ಣುವ ಮೊದಲು ಸೋಪಿನಿಂದ ಕೈ ತೊಳೆಯಬೇಕು.

ತೋಟೆಯಿಂದ ಹೊರಟ ಚರೆಯ ಕಥೆ ಇನ್ನೂ ದೊಡ್ಡದು. 12 ಬೋರಿನ ಒಂದು ತೋಟೆಯಲ್ಲಿ ಸಾಮಾನ್ಯವಾಗಿ 28ರಿಂದ 36 ಗ್ರಾಂ ಸೀಸದ ಚರೆ ಇರುತ್ತದೆ. ಹತ್ತು ಈಡು ಎಂದರೆ ಸುಮಾರು ಮೂರನೆಯ ಒಂದು ಕಿಲೋ. ಕೊಡಗಿನ ಹೆಚ್ಚಿನ ಮಣ್ಣು ಹುಳಿ ಗುಣದ್ದು. ಬೆಳೆಗಾರರು ಸುಣ್ಣ ಹಾಕುವುದೇ ಆ ಹುಳಿ ತಗ್ಗಿಸಲು. ಹುಳಿ ಮಣ್ಣಿನಲ್ಲಿ, ಜೋರು ಮಳೆಯಲ್ಲಿ ಸೀಸ ನಿಧಾನವಾಗಿ ಸವೆದು ಮಣ್ಣಿಗೆ ಬೆರೆಯುತ್ತದೆ. ಸೊಪ್ಪು, ಗೊಬ್ಬರ ಕೊಳೆತ ಮೇಲ್ಮಣ್ಣು ಅದನ್ನು ಬಹಳಮಟ್ಟಿಗೆ ಹಿಡಿದಿಡುತ್ತದೆ ಎಂಬುದು ಸಮಾಧಾನ. ಹಿಡಿದಿಟ್ಟದ್ದು ಅಲ್ಲಿಂದ ಹೋಗುವುದಿಲ್ಲ ಎಂಬುದು ಅದರ ಮತ್ತೊಂದು ಮುಖ. ನೀರುಹಕ್ಕಿಗಳು ಕಾಳು ಅರೆಯಲೆಂದು ಹರಳು ನುಂಗುವಾಗ ಚರೆಯನ್ನೂ ನುಂಗುತ್ತವೆ. ಈ ಕಾರಣದಿಂದಲೇ ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಕಡೆಯೂ ಸೀಸದ ಚರೆಯನ್ನು ನಿಲ್ಲಿಸಿತು. 2023ರಿಂದ ಯುರೋಪ್ ಒಕ್ಕೂಟದ ಜೌಗುಪ್ರದೇಶಗಳಲ್ಲಿ ಅದರ ಬಳಕೆಗೆ ತಡೆ ಬಿದ್ದಿದೆ. ಬೇಟೆಯ ಹವ್ಯಾಸ ದೊಡ್ಡದಾಗಿರುವ ನಾಡುಗಳೇ ಈ ಹೆಜ್ಜೆ ಇಟ್ಟಿವೆ. ಹಾರಿದ ಚರೆಯನ್ನು ಯಾರೂ ಮರಳಿ ಹೆಕ್ಕಲಾರರು. ಆದ್ದರಿಂದ ಕೆರೆ, ಹೊಳೆ, ನೀರು ನಿಂತ ಗದ್ದೆಯ ಕಡೆಗೆ ಈಡು ಹಾರಿಸದಿರುವುದು, ಗುರಿಯ ಸ್ಪರ್ಧೆಗೆ ಹಿಂದೆ ಮಣ್ಣಿನ ದಿಬ್ಬವಿರುವ ಒಂದೇ ಜಾಗವನ್ನು ವರ್ಷವರ್ಷವೂ ಬಳಸುವುದು, ಈಡುಗಳ ಸಂಖ್ಯೆಯನ್ನು ಕಡಿಮೆ ಮಾಡುವುದು, ಇಷ್ಟೇ ದಾರಿ.

ಖಾಲಿ ತೋಟೆ ಹಾಗಲ್ಲ. ಅದು ಪೂರ್ತಿಯಾಗಿ ಮರಳಿ ಸಿಗುವ ವಸ್ತು. ಸ್ಪರ್ಧೆಯ ಬಯಲಿನಲ್ಲಿ ಬಟ್ಟೆಯ ಚೀಲವೊಂದನ್ನು ತೂಗುಹಾಕಿ, ಎಷ್ಟು ಈಡೋ ಅಷ್ಟು ತೋಟೆ ಎಂದು ಎಣಿಸಿ ತುಂಬಿಸಬಹುದು. ಗುರಿಯ ದಾರಿಯಲ್ಲಿ ಚದುರಿದ ಪ್ಲಾಸ್ಟಿಕ್ ಬಿರಡೆಗಳನ್ನೂ ಅದೇ ಹೊತ್ತಿಗೆ ಹೆಕ್ಕಬಹುದು. ಅನೇಕ ತೋಟೆಗಳ ತಳ ಹಿತ್ತಾಳೆಯಂತೆ ಹೊಳೆದರೂ ಒಳಗೆ ಉಕ್ಕು. ಅಂಥವನ್ನು ಹುಲ್ಲಿನಿಂದ ತೆಗೆಯಲು ಕೋಲಿಗೆ ಕಟ್ಟಿದ ಅಯಸ್ಕಾಂತ ಸಾಕು. ಪೂರ್ತಿ ಖಾಲಿಯೆಂದು ಖಚಿತವಾದ ಮೇಲೆ ಪ್ಲಾಸ್ಟಿಕ್ ನಳಿಕೆಯನ್ನು ಸೀಳಿ ಬೇರ್ಪಡಿಸಿದರೆ ಲೋಹ ಗುಜರಿಗೆ ಹೋಗುತ್ತದೆ. ಜೀವವಿರುವ ತೋಟೆಯೆಂಬ ಅನುಮಾನಕ್ಕೂ ಎಡೆಯಿರುವುದಿಲ್ಲ. ಸುಡುವುದಂತೂ ಬೇಡ. ರಾಶಿಯಲ್ಲಿ ಸಿಡಿಯದ ತೋಟೆಯೊಂದು ಉಳಿದಿದ್ದರೆ ಆ ಬೆಂಕಿ ಯಾರ ಮೈಮೇಲೆ ಬರುತ್ತದೆಂದು ಹೇಳಲಾಗದು.

ಈ ಮಾತು ಸುಬ್ರಹ್ಮಣ್ಯಪುರದ ಮನೆಗಳಿಗೂ ಸಂಬಂಧಪಟ್ಟದ್ದು. ಕೋವಿ ಊರಿನ ಮನೆಯಲ್ಲಿದೆ, ಮಕ್ಕಳು ನಗರದಲ್ಲಿದ್ದಾರೆ. ಹಬ್ಬ ಮುಗಿಸಿ ಹಿಂದಿರುಗುವಾಗ ಮಗುವಿನ ಶಾಲೆಯ ಚೀಲದಲ್ಲಿ ನೆನಪಿಗೆಂದು ಒಂದು ತೋಟೆ ಬಂದಿರುತ್ತದೆ. ಅದು ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದ ತಪಾಸಣಾ ಯಂತ್ರದಲ್ಲಿ ಕಂಡರೆ ಹೆತ್ತವರು ಉತ್ತರ ಹೇಳಬೇಕಾಗುತ್ತದೆ. ಕಾಣದೆ ಮನೆ ಸೇರಿ, ಕೊನೆಗೆ ಕಸದ ಗಾಡಿಗೆ ಬಿದ್ದರೆ ಅದನ್ನು ಬರಿಗೈಯಲ್ಲಿ ವಿಂಗಡಿಸುವವರು ಪೌರಕಾರ್ಮಿಕರು. ಖಾಲಿ ತೋಟೆಯೋ ಸಿಡಿಯದ ತೋಟೆಯೋ ಎಂದು ನೋಡುವ ವ್ಯವಧಾನ ಅವರಿಗಿರುವುದಿಲ್ಲ. ಊರಿನ ತೋಟೆಯ ಲೆಕ್ಕ ಊರಿನಲ್ಲಿಯೇ ಮುಗಿಯಬೇಕು.

ಮುಂದಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂ ಮುಡಿಸುವ ಹಿರಿಯರ ಪಕ್ಕದಲ್ಲಿ ಒಂದು ಖಾಲಿ ಚೀಲವೂ ಇರಲಿ. ಸಂಜೆ ಸ್ಪರ್ಧೆ ಮುಗಿದಾಗ ಗೆದ್ದವರ ಹೆಸರು ಓದುವ ಮೊದಲು ತೋಟೆಗಳ ಎಣಿಕೆ ನಡೆಯಲಿ. ಒಂದು ಕಡಿಮೆಯಾದರೆ, ಹಿತ್ತಾಳೆಯ ತೋಟೆಗಾಗಿ ಹಿಂದಿನವರು ಮಾಡುತ್ತಿದ್ದಂತೆ, ಎಲ್ಲರೂ ಸೇರಿ ಹುಲ್ಲು ಸರಿಸಿ ಹುಡುಕಲಿ. 2029ರಲ್ಲಿ ವಿನಾಯಿತಿಯ ಪ್ರಶ್ನೆ ಮತ್ತೆ ಎದುರಾದಾಗ, ಕೋವಿ ಹಿಡಿದವರು ತಮ್ಮ ನೆಲವನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಆ ಗದ್ದೆಗಳೇ ಸಾಕ್ಷಿಯಾಗಲಿ.