ದಿನಕ್ಕೊಂದು ಪುಟದ ಲೆಕ್ಕ

(ಕಲಕತ್ತೆಯ ಪಾರ್ಕ್ ಸ್ಟ್ರೀಟ್ ಬಳಿಯ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿರುವ ಸದಸ್ಯರೊಬ್ಬರು ಸಂಘದ ಸಾಹಿತ್ಯ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು ಊರಿನಿಂದ ಹೊರಟವನು. ಇಪ್ಪತ್ತೆರಡು ವರ್ಷಗಳಿಂದ ತಟ್ಟೆ ಹೊತ್ತ ಕೈ ಇದು. ಕಥೆ ಬರೆಯುವುದು ಹೇಗೆ ಎಂದು ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಬರೆದುದಕ್ಕೆ ಲೆಕ್ಕ ಇಡುವುದು ಹೇಗೆ ಎಂದು ಕೇಳಿದರೆ ಎರಡು ಮಾತು ಹೇಳಬಲ್ಲೆ. ಲೆಕ್ಕ ನಮ್ಮ ಕಸುಬು. ಎಷ್ಟು ಟೇಬಲ್ಲು, ಎಷ್ಟು ದೋಸೆ, ಎಷ್ಟು ಕಾಫಿ ಎಂದು ಬಾಯಲ್ಲಿಯೇ ಕೂಡಿಸಿ ಗಲ್ಲಾಕ್ಕೆ ಕೂಗಿ ಹೇಳುವವರು ನಾವು. ಗಿರಣಿಯ ಅಣ್ಣಂದಿರಿಗಂತೂ ಪೀಸ್ ರೇಟಿನ ಲೆಕ್ಕ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಾನು ಕೆಲಸ ಮಾಡುವುದು ಪಾರ್ಕ್ ಸ್ಟ್ರೀಟಿಗೆ ಸೇರುವ ಒಂದು ಗಲ್ಲಿಯಲ್ಲಿ. ಆ ರಸ್ತೆಗೆ ಈಗ ಮದರ್ ತೆರೇಸಾ ಸರಣಿ ಎಂಬುದು ಸರ್ಕಾರಿ ಹೆಸರು; ಆದರೆ ಟ್ಯಾಕ್ಸಿಯವನಿಗೆ ಹಳೆಯ ಹೆಸರನ್ನೇ ಹೇಳಬೇಕು. ರಸ್ತೆಯ ಒಂದು ತುದಿಯಲ್ಲಿ, ಒಂದನೆಯ ನಂಬರಿನಲ್ಲಿ, ಏಷ್ಯಾಟಿಕ್ ಸೊಸೈಟಿ ಇದೆ. ಅದನ್ನು 1784ರಲ್ಲಿ ಸ್ಥಾಪಿಸಿದ ವಿಲಿಯಂ ಜೋನ್ಸ್ ಅದೇ ರಸ್ತೆಯ ಇನ್ನೊಂದು ಕಡೆಯ ಹಳೆಯ ಸ್ಮಶಾನದಲ್ಲಿ ಮಲಗಿದ್ದಾನೆ. ಆತ ನ್ಯಾಯಾಧೀಶ. ಕೋರ್ಟಿನ ಕೆಲಸ ಮಾಡುತ್ತಲೇ ಸಂಸ್ಕೃತ ಕಲಿತು ಶಾಕುಂತಲವನ್ನು ಇಂಗ್ಲಿಷಿಗೆ ತಂದ. ಹೊಟ್ಟೆಪಾಡಿಗೆ ಒಂದು ಕೆಲಸ, ಮನಸ್ಸಿಗೆ ಇನ್ನೊಂದು ಕೆಲಸ ಎಂಬುದು ಈ ರಸ್ತೆಗೆ ಹೊಸದಲ್ಲ. ಜೋನ್ಸನಿಗೆ ಆಳುಕಾಳು ಇದ್ದರು. ನಾವೇ ಆಳುಗಳು, ಅಷ್ಟೇ ವ್ಯತ್ಯಾಸ.

ನಾನು ಬರೆಯಬೇಕೆಂದದ್ದು ನಮ್ಮ ಅಪ್ಪಯ್ಯನ ಕಥೆ. ಅವರು ಹನ್ನೊಂದನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಹೊರಟು, ರೈಲಿನಲ್ಲಿ ಟಿಕೆಟ್ಟಿಲ್ಲದೆ ಬಂದು, ಈ ನಗರದ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಸೇರಿದವರು. ಈಗ ಅವರಿಲ್ಲ. ಅವರು ಹೇಳಿದ್ದ ಸಂಗತಿಗಳು ನೆನಪಿರುವುದು ಊರಿನಲ್ಲಿರುವ ಅಮ್ಮನಿಗೆ ಮಾತ್ರ. ಅಮ್ಮನಿಗೆ ಎಪ್ಪತ್ತೆಂಟು ವರ್ಷ, ಕಣ್ಣು ಮಂಜಾಗಿದೆ. ಆಕೆ ಕೇಳಲು ಇರುವಾಗಲೇ ಇದನ್ನು ಕಾದಂಬರಿಯಾಗಿ ಬರೆದು ಮುಗಿಸಬೇಕೆಂಬುದು ನನ್ನ ಆಸೆ. ಆದುದರಿಂದ ನನಗೆ ಆತುರವಿತ್ತು.

ಆತುರದವನಿಗೆ ಬುದ್ಧಿ ಹೇಳುವವರಿಗೆ ಕಡಮೆಯೆ? ನಮ್ಮ ಅಕ್ಕನ ಮಗ ಮೊಬೈಲಿನಲ್ಲಿ ತೋರಿಸಿದ: “ಮಾವ, ದೊಡ್ಡ ಲೇಖಕರೆಲ್ಲ ದಿನಕ್ಕೆ ಸಾವಿರ ಪದ ಬರೆಯುತ್ತಾರೆ.” ಅಮೆರಿಕದಲ್ಲಿ 1999ರಲ್ಲಿ ಒಂದು ಪಂಥ ಹುಟ್ಟಿತ್ತಂತೆ, ನವೆಂಬರ್ ತಿಂಗಳ ಮೂವತ್ತು ದಿನಗಳಲ್ಲಿ ಐವತ್ತು ಸಾವಿರ ಪದಗಳ ಕಾದಂಬರಿ ಬರೆದು ಮುಗಿಸುವುದು, ಎಂದರೆ ದಿನಕ್ಕೆ 1667 ಪದ. ಆ ಸಂಸ್ಥೆ 2025ರಲ್ಲಿ ಮುಚ್ಚಿಹೋಯಿತು, ಅದು ಬೇರೆ ಮಾತು. ನಾನು ಅಷ್ಟು ಬೇಡವೆಂದು ದಿನಕ್ಕೆ ಸಾವಿರ ಎಂದು ಗೋಡೆಯ ಮೇಲೆ ಬರೆದುಕೊಂಡೆ. ಮೊದಲ ದಿನ 420, ಎರಡನೆಯ ದಿನ 310, ಮೂರನೆಯ ದಿನ 260. ಆರನೆಯ ದಿನ ಪುಸ್ತಕ ಮುಚ್ಚಿದೆ. ನಾಲ್ಕು ತಿಂಗಳು ಅದನ್ನು ತೆರೆಯಲಿಲ್ಲ. ದಿನವೂ ಸೋಲುವ ಪಂದ್ಯಕ್ಕೆ ಯಾರು ಹೋಗುತ್ತಾರೆ, ಹೇಳಿ.

ಆಮೇಲೆ ಯೋಚಿಸಿದಾಗ ಎರಡು ತಪ್ಪು ಕಂಡವು. ಮೊದಲನೆಯದು, ಇಂಗ್ಲಿಷಿನ ಅಳತೆಯಲ್ಲಿ ಕನ್ನಡವನ್ನು ಅಳೆದದ್ದು. ಇಂಗ್ಲಿಷಿನವನು ‘ಐ ಕುಡ್ ನಾಟ್ ಕಮ್’ ಎಂದರೆ ಅವನ ಖಾತೆಗೆ ನಾಲ್ಕು ಪದ ಜಮೆ. ನಾನು ‘ಬರಲಾಗಲಿಲ್ಲ’ ಎಂದರೆ ಒಂದೇ ಪದ. ನಮ್ಮ ಭಾಷೆ ಪದಕ್ಕೆ ಪದ ಅಂಟಿಸಿಕೊಂಡು ಬೆಳೆಯುವ ಭಾಷೆ. ಅವರ ಸಾವಿರ ನಮಗೆ ಸಾವಿರವಲ್ಲ. ಎರಡನೆಯ ತಪ್ಪು, ಇಡೀ ದಿನ ಕೈಯಲ್ಲಿರುವವನ ಗುರಿಯನ್ನು ಒಂದು ಗಂಟೆ ಇರುವವನು ಹಾಕಿಕೊಂಡದ್ದು. ನನಗೆ ಸಿಕ್ಕುವುದು ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ, ಶಟರ್ ಅರ್ಧ ಎಳೆದಿರುವ ಹೊತ್ತು. ನನ್ನ ಗೆರೆಪುಸ್ತಕದ ಒಂದು ಸಾಲಿಗೆ ಸುಮಾರು ಆರು ಪದ, ಪುಟಕ್ಕೆ ಇಪ್ಪತ್ತೈದು ಸಾಲು. ಎಂದರೆ ಪುಟಕ್ಕೆ ನೂರೈವತ್ತು ಪದ. ಒಮ್ಮೆ ಎಣಿಸಿದರೆ ಸಾಕು, ದಿನವೂ ಎಣಿಸಬೇಕಾಗಿಲ್ಲ. ದಿನಕ್ಕೊಂದು ಪುಟ ಎಂದು ಗುರಿ ಇಟ್ಟೆ.

ಇಲ್ಲಿ ನಿಮಗೆ ಆಂಟನಿ ಟ್ರಾಲಪ್ ಎಂಬವನ ಮಾತು ಹೇಳಬೇಕು. ಆತ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ. ನಮ್ಮ ಹಾಗೆಯೇ ನೌಕರಿಯವನು. ಅಂಚೆ ಇಲಾಖೆಯಲ್ಲಿ 1834ರಿಂದ 1867ರವರೆಗೆ ದುಡಿದ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಪ್ರತಿಯೊಂದು ಕಾದಂಬರಿಗೂ ಒಂದು ದಿನಚರಿ ಇಟ್ಟು, ಇಂದು ಇಷ್ಟು ಪುಟ ಎಂದು ಬರೆಯುತ್ತಿದ್ದ. ಸೋಮಾರಿತನ ಮಾಡಿದ ದಿನವೂ ಆ ದಿನಚರಿಯಲ್ಲಿ ಅವನನ್ನು ದಿಟ್ಟಿಸಿ ನೋಡುತ್ತಿತ್ತು. ಹೀಗೆ 47 ಕಾದಂಬರಿ ಬರೆದ. ಕಾದಂಬರಿಕಾರನೂ ಜೋಡು ಹೊಲಿಯುವವನೂ ಒಂದೇ ಬಗೆಯ ಕೆಲಸಗಾರರು ಎಂಬರ್ಥದ ಮಾತನ್ನೂ ಆಡಿದ. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಅವನ ಆತ್ಮಕಥೆ ಅಚ್ಚಾಯಿತು. ಈ ಲೆಕ್ಕವನ್ನು ಓದಿ ಎಷ್ಟೋ ಜನ ಮೂಗು ಮುರಿದರು.

ಆದರೆ ನನಗೆ ಹಿಡಿಸಿದ್ದು ಅದೇ ಪುಸ್ತಕದಲ್ಲಿ ಬರುವ ಇನ್ನೊಂದು ಸಂಗತಿ. ಅವನನ್ನು ಎಬ್ಬಿಸಿ ಕಾಫಿ ಕೊಡುವುದಕ್ಕೆ ಕುದುರೆ ನೋಡಿಕೊಳ್ಳುವ ಒಬ್ಬ ಮುದಿ ಆಳಿದ್ದ. ಆ ಕೆಲಸಕ್ಕೆ ವರ್ಷಕ್ಕೆ ಐದು ಪೌಂಡು ಹೆಚ್ಚಿನ ಸಂಬಳ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಆ ಆಳಿಗೇ ತಾನು ಹೆಚ್ಚು ಋಣಿ ಎಂದು ಟ್ರಾಲಪ್ ಒಪ್ಪಿಕೊಂಡಿದ್ದಾನೆ. ಹೆಸರು ಮಾತ್ರ ಬರೆಯಲಿಲ್ಲ. ಬಂಧುಗಳೆ, ಲೋಕದಲ್ಲಿ ಕಾಫಿ ಕುಡಿದು ಬರೆದವರ ಲೆಕ್ಕ ಪುಸ್ತಕಗಳಲ್ಲಿದೆ. ಕಾಫಿ ತಂದುಕೊಟ್ಟವರ ಕಥೆ ಯಾರು ಬರೆಯಬೇಕು? ನಾವೇ ಬರೆಯಬೇಕಲ್ಲವೆ? ನನಗೂ ಅಂಥ ಒಬ್ಬರಿದ್ದಾರೆ. ನಮ್ಮ ಅಡಿಗೆಯ ಭಟ್ಟರು ಮೂರೂವರೆಗೆ ಸರಿಯಾಗಿ ಅರ್ಧ ಲೋಟ ಚಹಾ ಮುಂದಿಟ್ಟು, “ಕೂತ್ಕೊ ಮಾರಾಯ, ನಿನ್ನ ಪುಟ ಕಾಯ್ತಾ ಉಂಟು” ಎನ್ನುತ್ತಾರೆ. ಹೆಚ್ಚಿನ ಸಂಬಳ ಯಾರೂ ಕೊಡುವುದಿಲ್ಲ.

ಅಮೆರಿಕದ ಹೆಮಿಂಗ್ವೇ ಕೂಬಾದ ತನ್ನ ಮನೆಯಲ್ಲಿ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲನ್ನು ಗೋಡೆಗೆ ಹಾಕಿ ಅದರ ಮೇಲೆ ದಿನದಿನದ ಪದಸಂಖ್ಯೆ ಗುರುತು ಹಾಕುತ್ತಿದ್ದ. 1958ರಲ್ಲಿ ಅಚ್ಚಾದ ಒಂದು ಸಂದರ್ಶನದಲ್ಲಿ ಆ ಅಂಕಿಗಳಿವೆ: 450, 575, 462, 1250, 512. ಆ 1250 ಏಕೆಂದರೆ, ಮರುದಿನ ಮೀನು ಹಿಡಿಯಲು ಹೋದಾಗ ಮನಸ್ಸು ಚುಚ್ಚಬಾರದೆಂದು ಮುಂಗಡ ದುಡಿದದ್ದು. ಇದನ್ನು ಓದಿ ನಾನೂ ಬಿಸ್ಕತ್ತಿನ ರಟ್ಟು ಹರಿದು ಕೋಣೆಯ ಗೋಡೆಗೆ ಅಂಟಿಸಿದೆ. ಕೋಣೆಯ ಐವರು ಸ್ನೇಹಿತರಿಗೆ ಅದು ಕ್ರಿಕೆಟ್ ಸ್ಕೋರಿನಂತಾಯಿತು.

ಅಂಕಿ ಕಣ್ಣೆದುರು ಬಂದ ಮೇಲೆ ಕಳ್ಳತನವೂ ಬಂತು, ಮುಚ್ಚಿಡುವುದೇಕೆ? ಒಂದು ತಿಂಗಳಾದ ಮೇಲೆ ಪುಟ ತುಂಬಿಸುವುದೇ ಕೆಲಸವಾಯಿತು. ‘ಹೊರಟುಹೋದನು’ ಎಂದು ಒಂದು ಪದವಾಗಿ ಬರೆಯುತ್ತಿದ್ದವನು ‘ಹೊರಟು ಹೋದನು’ ಎಂದು ಒಡೆದು ಎರಡು ಮಾಡಿದೆ. ಬೆಳದಿಂಗಳು, ತೆಂಗಿನ ಗರಿ, ತಣ್ಣನೆಯ ಗಾಳಿ ಎಂದು ಎಳೆದೆ. ಒಂದು ಸಂಜೆ ಭಟ್ಟರಿಗೆ ನಾಲ್ಕು ಪುಟ ಓದಿ ಹೇಳಿದೆ. ಅವರು ಸೌಟು ಕೆಳಗಿಟ್ಟು, “ಗಿರಾಕಿ ಜಾಸ್ತಿಯಾದರೆಂದು ಸಾಂಬಾರಿಗೆ ನೀರು ಹೊಯ್ದ ಹಾಗುಂಟು. ಪಾತ್ರೆ ತುಂಬಿತು, ಬೇಳೆ ಎಲ್ಲಿ?” ಎಂದರು.

ಆ ಭಾನುವಾರ ಫೋನಿನಲ್ಲಿ ಅಮ್ಮ ಕೇಳಿದಳು, ಕಥೆ ಎಲ್ಲಿಗೆ ಬಂತು ಎಂದು. ನಾನು ಹೆಮ್ಮೆಯಿಂದ, “ನಾಲ್ಕು ಸಾವಿರ ಪದ ಆಯ್ತಮ್ಮ” ಎಂದೆ. “ಲೆಕ್ಕ ಇರ್ಲಿ ಮಗಾ, ನಿನ್ನ ಅಪ್ಪಯ್ಯ ಊರು ಬಿಟ್ಟು ಹೊರಟ್ರಾ ಇಲ್ಯಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ಸಾವಿರ ಪದವಾದರೂ ಅಪ್ಪಯ್ಯ ಇನ್ನೂ ಜಗಲಿಯ ಮೇಲೆಯೇ ಕುಳಿತಿದ್ದರು.

ಅಂದಿನಿಂದ ರಟ್ಟಿನಲ್ಲಿ ಎರಡು ಕಾಲಂ ಮಾಡಿದೆ. ಮೊದಲನೆಯದರಲ್ಲಿ ಪದ ಎಷ್ಟು, ಎರಡನೆಯದರಲ್ಲಿ ಇಂದು ಕಥೆಯಲ್ಲಿ ಏನು ನಡೆಯಿತು. ‘148 – ಅಪ್ಪಯ್ಯ ಅಜ್ಜಿಯ ಡಬ್ಬಿಯಿಂದ ಎಂಟಾಣೆ ತೆಗೆದ.’ ‘160 – ರೈಲಿನಲ್ಲಿ ಸಿಕ್ಕಿಬಿದ್ದ.’ ಎರಡನೆಯ ಕಾಲಂ ಖಾಲಿಯಿದ್ದರೆ ಮೊದಲನೆಯದರ ಅಂಕಿ ಎಷ್ಟಿದ್ದರೂ ನೀರೇ. ಬರೆಯದ ದಿನ ಸೊನ್ನೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯುವುದೆಂದು ಒಂದು ನಿಯಮವನ್ನೂ ಮಾಡಿಕೊಂಡೆ. ರಟ್ಟು ಸಾಲದೆ ಹೋದಾಗ ಹಳೆಯ ಬಿಲ್ ಪುಸ್ತಕದ ಹಿಂಭಾಗಕ್ಕೆ ಲೆಕ್ಕ ಬದಲಾಯಿತು.

ಒಂದು ವರ್ಷ ಮುಗಿದಾಗ ಕೂಡಿಸಿ ನೋಡಿದೆ. 365 ದಿನಗಳಲ್ಲಿ ಬರೆದದ್ದು 273 ದಿನ, ಸೊನ್ನೆ 92. ಅಷ್ಟೊಂದು ಸೊನ್ನೆಯೆ, ನಾನೆಂಥ ಸೋಮಾರಿ ಎಂದು ಮೊದಲು ನಾಚಿಕೆಯಾಯಿತು. ಆಮೇಲೆ ಕಾರಣ ಓದಿದೆ. 27 ಸೊನ್ನೆ ನನ್ನದೇ ತಪ್ಪು: ಮೊಬೈಲು, ಇಸ್ಪೀಟು, ಸುಮ್ಮನೆ ಮಲಗಿದ್ದು. 14 ಸೊನ್ನೆ ಜ್ವರ, ಕಾಲುನೋವು. ಉಳಿದ 51 ಸೊನ್ನೆಗಳ ಮುಂದೆ ಇದ್ದದ್ದು ಒಂದೇ ಮಾತು: ‘ಡಬಲ್ ಡ್ಯೂಟಿ’. ದುರ್ಗಾಪೂಜೆಯ ದಿನಗಳು, ಪಾರ್ಕ್ ಸ್ಟ್ರೀಟಿನಲ್ಲಿ ದೀಪ ಹಚ್ಚಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುವ ಕ್ರಿಸ್‌ಮಸ್ ವಾರ, ಜೊತೆಯವರು ಊರಿಗೆ ಹೋಗಿದ್ದ ದಿನಗಳು. ಎಷ್ಟೋ ವಾರ ನನ್ನ ರಜೆಯೂ ಅದರಲ್ಲಿ ಕರಗಿಹೋಗಿತ್ತು.

ಸೋದರರೆ, ಇಷ್ಟು ವರ್ಷ ‘ನಮ್ಮಂಥವರಿಗೆ ಬರೆಯುವ ತಾಕತ್ತಿಲ್ಲ’ ಎಂದು ನನ್ನನ್ನೇ ಹಳಿದುಕೊಂಡಿದ್ದೆ. ನನ್ನ ಕೈಬರಹದ ಲೆಕ್ಕವೇ ಹೇಳಿತು, ಕೊರತೆ ತಾಕತ್ತಿನದಲ್ಲ, ಹೊತ್ತಿನದು. ಆ ಪುಸ್ತಕ ಹಿಡಿದುಕೊಂಡೇ ನಾನು ಮಾಲೀಕರೊಡನೆ ವಾರದ ರಜೆಯ ಮಾತನಾಡಿದೆ. ಜಗಳವಾಗಲಿಲ್ಲ, ತಾರೀಖು ಸಹಿತ ಲೆಕ್ಕವಿದ್ದುದರಿಂದ ಅವರಿಗೂ ಅಲ್ಲಗಳೆಯಲಾಗಲಿಲ್ಲ. ಹಬ್ಬದ ದಿನಗಳನ್ನು ಬಿಟ್ಟು ಉಳಿದ ವಾರಗಳಲ್ಲಿ ಮಂಗಳವಾರ ನನ್ನದೆಂದು ಗೊತ್ತಾಯಿತು. ಪದಗಳ ಲೆಕ್ಕ ಇಡುವವನು ತಿಳಿಯದೆಯೇ ತನ್ನ ಬದುಕಿನ ಹೊತ್ತಿನ ಲೆಕ್ಕವನ್ನೂ ಇಡುತ್ತಾನೆ. ನಾನು ಇಂದು ಹೇಳಬೇಕೆಂದು ಬಂದದ್ದು ಇದೊಂದೇ.

ಕಲೆಗೆ ಲೆಕ್ಕವೆ, ಎಂದು ಕೆಲವರು ಕೇಳಬಹುದು. ಇದೇ ನಗರದ ಮನೋರಂಜನ್ ಬ್ಯಾಪಾರಿಯವರನ್ನು ನೋಡಿ. ಅಕ್ಷರ ಕಲಿತದ್ದು ಜೈಲಿನಲ್ಲಿ. ಹೊರಬಂದು ಸೈಕಲ್ ರಿಕ್ಷಾ ತುಳಿದರು. ಪುಸ್ತಕದಲ್ಲಿ ಕಂಡ ‘ಜಿಜೀವಿಷೆ’ ಎಂಬ ಪದದ ಅರ್ಥವನ್ನು ಒಂದು ದಿನ ರಿಕ್ಷಾದಲ್ಲಿದ್ದ ಅಧ್ಯಾಪಕಿಯೊಬ್ಬರಲ್ಲಿ ಕೇಳಿದರು. ಬದುಕಬೇಕೆಂಬ ಹಂಬಲ ಎಂದು ಅರ್ಥ ಹೇಳಿದ ಆ ತಾಯಿ ಮಹಾಶ್ವೇತಾ ದೇವಿ. ಅವರ ಪತ್ರಿಕೆಯಲ್ಲಿಯೇ 1981ರಲ್ಲಿ ಬ್ಯಾಪಾರಿಯವರ ಮೊದಲ ಬರಹ ಬಂತು. ಆಮೇಲೆ ಬಹಳ ವರ್ಷ ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯೊಂದರಲ್ಲಿ ಅಡಿಗೆ ಮಾಡುತ್ತಲೇ ಕಥೆ, ಕಾದಂಬರಿ, ಆತ್ಮಕಥೆ ಬರೆದರು, 2021ರಲ್ಲಿ ಶಾಸಕರಾದರು. ಒಲೆಯ ಮುಂದೆ ನಿಂತವನೂ ಬರೆಯಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂಕಿ ಕಥೆಯನ್ನು ಹುಟ್ಟಿಸುವುದಿಲ್ಲ, ನಾನು ಒಪ್ಪುತ್ತೇನೆ. ಹಿಟ್ಟು ಅಳೆದು ಹಾಕಿದ ಮಾತ್ರಕ್ಕೆ ದೋಸೆಗೆ ರುಚಿ ಬರುವುದಿಲ್ಲ. ಆದರೆ ದಿನವೂ ಹಿಟ್ಟು ರುಬ್ಬದಿದ್ದರೆ ಕಾವಲಿಯ ಮೇಲೆ ಏನು ಹೊಯ್ಯುತ್ತೀರಿ?

ಬರೆಯಬೇಕೆನ್ನುವವರಿಗೆ ನನ್ನ ಅನುಭವದ ಮಾತು ಇಷ್ಟು. ತೀರ ಕೆಟ್ಟ ದಿನದಲ್ಲಿಯೂ ಆಗುವಷ್ಟನ್ನೇ ಗುರಿ ಇಡಿ. ಐವತ್ತು ಪದವಾದರೂ ಸರಿ. ನಿನ್ನೆಯ ಸಾಲವನ್ನು ಇಂದಿಗೆ ಏರಿಸಬೇಡಿ. ಸೊನ್ನೆಯನ್ನು ಮುಚ್ಚಿಡಬೇಡಿ, ಕಾರಣ ಬರೆಯಿರಿ. ತಿದ್ದಿ ಹೊಡೆದು ಹಾಕಿದ ದಿನವನ್ನೂ ದುಡಿದ ದಿನವೆಂದೇ ಬರೆಯಿರಿ. ನಾನು ವರ್ಷದಲ್ಲಿ ಬರೆದ ನಲವತ್ತಮೂರು ಸಾವಿರ ಚಿಲ್ಲರೆ ಪದಗಳಲ್ಲಿ ನೀರು ತೆಗೆದ ಮೇಲೆ ಉಳಿದದ್ದು ಮೂವತ್ತೊಂದು ಸಾವಿರ. ನಷ್ಟವೆಂದು ನನಗನ್ನಿಸಿಲ್ಲ.

ಕಾದಂಬರಿ ಇನ್ನೂ ಮುಗಿದಿಲ್ಲ. ಅಪ್ಪಯ್ಯ ಈಗ ಹೌರಾ ಸ್ಟೇಷನ್ನಿನಲ್ಲಿ ಇಳಿದಿದ್ದಾರೆ. ಪ್ರತಿ ಮಂಗಳವಾರ ಅಮ್ಮನಿಗೆ ಫೋನಿನಲ್ಲಿ ವಾರದ ಪುಟಗಳನ್ನು ಓದುತ್ತೇನೆ. ಮೊನ್ನೆ ನಡುವೆ ತಡೆದು, “ಎಂಟಾಣೆ ಅಲ್ಲ ಮಗಾ, ನಾಲ್ಕಾಣೆ” ಎಂದು ತಿದ್ದಿದಳು. ಆ ತಿದ್ದುಪಡಿ ಇನ್ನು ಎಷ್ಟು ದಿನ ಸಿಕ್ಕುವುದೊ ಹೇಳಲಾರೆ. ಅದಕ್ಕಾಗಿಯೇ ನಾಳೆಯೂ ಮೂರೂವರೆಗೆ ಕೂರಬೇಕು.

ಮುಂದಿನ ತಿಂಗಳ ಕೂಟಕ್ಕೆ ನಿಮ್ಮಲ್ಲಿ ಯಾರಾದರೂ ಒಂದೇ ಒಂದು ಪುಟ ಬರೆದು ತಂದರೆ ಕೇಳಲು ನಾವೆಲ್ಲ ಇದ್ದೇವೆ; ಚಹಾ ಭಟ್ಟರದು.