ನಿಮ್ಮ ಮಾತನ್ನು ನೀವೇ ಆಡಬಹುದು
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ವಿಚ್ಛೇದನವನ್ನು ಯಾರೂ ಬಯಸಿ ಬರಮಾಡಿಕೊಳ್ಳುವುದಿಲ್ಲ. ಆದರೆ ಗಂಡ ವರ್ಷಗಟ್ಟಲೆ ತಿರುಗಿ ನೋಡದಿದ್ದಾಗ, ಖರ್ಚಿಗೆ ಕೊಡದಿದ್ದಾಗ ಹೆಣ್ಣುಮಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. 'ವಕೀಲರ ಫೀಸಿಗೆ ಎಲ್ಲಿಂದ ತರುವುದು?' ಎಂಬ ಒಂದೇ ಭಯದಿಂದ ಎಷ್ಟೋ ಮಂದಿ ತವರಿನಲ್ಲೇ ಕುಳಿತುಬಿಡುತ್ತಾರೆ. ಅತ್ತ ಸಂಸಾರವೂ ಇಲ್ಲ, ಇತ್ತ ಬಿಡುಗಡೆಯೂ ಇಲ್ಲ. ಈ ಭಯಕ್ಕೆ ಮುಖ್ಯ ಕಾರಣ ಅರಿವಿನ ಕೊರತೆ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮನ್ನು ನೋಡಿ. ಇಲ್ಲಿ ವಕೀಲರ ಮೂಲಕವೇ ವಾದಿಸುವುದು ಯಾರ ಹಕ್ಕೂ ಅಲ್ಲ. ಅಗತ್ಯ ಕಂಡರೆ ನ್ಯಾಯಾಲಯವೇ ಕಾನೂನು ತಜ್ಞರೊಬ್ಬರ ನೆರವು ಪಡೆಯಬಹುದು. ವಕೀಲರನ್ನು ಇಡಲೇಬಾರದು ಎಂದು ಇದರ ಅರ್ಥವಲ್ಲ. ನ್ಯಾಯಾಲಯದ ಅನುಮತಿಯಿಂದ ಇಟ್ಟುಕೊಳ್ಳಬಹುದು. ಆದರೆ ಸಂಸಾರದ ಕಷ್ಟವನ್ನು ಅನುಭವಿಸಿದವರೇ ಹೇಳಲಿ ಎಂಬುದು ಕಾಯ್ದೆಯ ಆಶಯ. ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸುತ್ತಾರೆ. ನೀವು ಬಯಸಿದರೆ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಸಾಕ್ಷ್ಯದ ನಿಯಮಗಳೂ ಇಲ್ಲಿ ಸಡಿಲ.

ಆದರೆ ನಾವೇ ವಾದಿಸುವುದೆಂದರೆ ಬರಿಗೈಯಲ್ಲಿ ಹೋಗಿ ಅಳುವುದಲ್ಲ. ಯಾವ ಆಧಾರದ ಮೇಲೆ ಬಿಡುಗಡೆ ಕೇಳುತ್ತಿದ್ದೇವೆ ಎಂಬುದು ತಿಳಿದಿರಬೇಕು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹೆಂಡತಿಗೆ ಇಂತಹ ಆಧಾರಗಳನ್ನು ನೀಡಿದೆ. ಗಂಡ ನಾಲ್ಕು ವರ್ಷ ನಾಪತ್ತೆಯಾಗಿರುವುದು, ಎರಡು ವರ್ಷ ಜೀವನಾಂಶ ಕೊಡದಿರುವುದು, ಕ್ರೌರ್ಯ ಮುಂತಾದವು ಅದರಲ್ಲಿವೆ. ಈ ಕಾಯ್ದೆಯಡಿ ಬಿಡುಗಡೆ ಪಡೆದರೆ ಮಹರ್ ಹಕ್ಕು ಹೋಗುತ್ತದೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅದಕ್ಕೆ ಧಕ್ಕೆಯಿಲ್ಲವೆಂದು 5ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮದುವೆಯಾದ ದಿನ, ಮನೆ ಬಿಟ್ಟ ದಿನ, ಕೊನೆಯದಾಗಿ ಹಣ ಬಂದ ದಿನ, ಎಲ್ಲವನ್ನೂ ಕ್ರಮವಾಗಿ ಬರೆಯಿರಿ. ನಿಕಾಹ್‌ನಾಮ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಚೀಟಿಗಳ ಪ್ರತಿ ಇಟ್ಟುಕೊಳ್ಳಿ. ಜೀವನಾಂಶದ ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿಧಿಸಿದೆ. ಅದನ್ನು ಸತ್ಯವಾಗಿ ತುಂಬಿ. ಎದುರು ಪಕ್ಷದವರು ತುಂಬಿದ್ದನ್ನು ಓದಿ ನೋಡಿ. ಹೇಳಿದ ದಿನಾಂಕಕ್ಕೆ ತಪ್ಪದೆ ಹಾಜರಾಗಿ. ಗೈರಾದರೆ ನಿಮ್ಮ ಅರ್ಜಿ ವಜಾ ಆಗಬಹುದು, ಅಥವಾ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು.

ಇನ್ನು ಬಹಳ ಮುಖ್ಯವಾದ ಎಚ್ಚರಿಕೆ. ಒಪ್ಪಿಗೆಯ ಮೇಲೆ ಕೌಟುಂಬಿಕ ನ್ಯಾಯಾಲಯ ಕೊಟ್ಟ ಡಿಕ್ರಿಗೆ ಅಪೀಲು ಇಲ್ಲ. ಉಳಿದ ತೀರ್ಪುಗಳಿಗೆ 30 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ರಾಜಿ ಪತ್ರಕ್ಕೆ ಸಹಿ ಹಾಕಿದ ಮೇಲೆ ಆ ದಾರಿ ಮುಚ್ಚಿದಂತೆಯೇ. ಜೀವನಾಂಶ, ಮಹರ್, ಮಕ್ಕಳ ಪೋಷಣೆ ಎಲ್ಲವೂ ಆ ಒಂದು ಹಾಳೆಯಲ್ಲಿ ಹೋಗಿಬಿಡಬಹುದು. ಆದುದರಿಂದ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, 'ಓದಲು ಸಮಯ ಕೊಡಿ' ಎಂದು ಕೇಳಿ.

ಆಸ್ತಿಯ ತಕರಾರು, ಮಕ್ಕಳ ವಶ, ಎದುರಿಗೆ ನುರಿತ ವಕೀಲರು, ಇಂತಹ ಸಂದರ್ಭಗಳಲ್ಲಿ ಒಬ್ಬರೇ ಹೋರಾಡುವ ಹಠ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಿ. 15100ಕ್ಕೆ ಕರೆಯನ್ನೂ ಮಾಡಬಹುದು.

ವಿದ್ಯಾರ್ಥಿಗಳೇ, ನೀವು ಕಲಿತ ವಿದ್ಯೆ ಪರೀಕ್ಷೆಗೆ ಮಾತ್ರ ಮೀಸಲಲ್ಲ. ನೆರೆಮನೆಗೆ ಕೋರ್ಟಿನ ನೋಟೀಸು ಬಂದರೆ ಓದಿ ಅರ್ಥ ಹೇಳಿ, ದಿನಾಂಕ ನೆನಪಿಸಿ, ಕಾನೂನು ನೆರವಿನ ಕಚೇರಿಯ ದಾರಿ ತೋರಿಸಿ. ಒಬ್ಬ ಹೆಣ್ಣುಮಗಳು ನ್ಯಾಯಾಧೀಶರ ಮುಂದೆ ನಿಂತು ತನ್ನ ಮಾತನ್ನು ತಾನೇ ಧೈರ್ಯವಾಗಿ ಹೇಳುವಂತಾದರೆ ಅದಕ್ಕಿಂತ ದೊಡ್ಡ ವಿದ್ಯಾದಾನ ಬೇರೊಂದಿಲ್ಲ.