ಹಳೇ ಲೆನ್ಸನ್ನು ಉಜ್ಜಬೇಡಿ



ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಕ್ಯಾಮೆರಾ ನನ್ನ ಹವ್ಯಾಸ. ಇಲ್ಲಿ ಕುವೈತ್‌ನ ಶುಕ್ರವಾರದ ಸಂತೆಯಲ್ಲಿ ಹಳೇ ಲೆನ್ಸ್ ಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಕೆಲವರು ತಂದ ಕೂಡಲೇ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಅದು ಯಾಕೆ ಬೇಡ ಅಂತ ಹೇಳೋದಕ್ಕೇ ಇವತ್ತು ನಿಂತಿದ್ದೇನೆ.

ಬರೀ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ವಾಪಸ್ ಕಳಿಸುತ್ತದೆ. ಲೆನ್ಸಿನೊಳಗೆ ಬಿಡಿಬಿಡಿಯಾಗಿ ಆರು ಗಾಜಿದ್ದರೆ 12 ಮೈ. ಲೆಕ್ಕ ಹಾಕಿದರೆ 100 ಪಾಲು ಬೆಳಕಿನಲ್ಲಿ ಆಚೆ ಮುಟ್ಟುವುದು 61 ಮಾತ್ರ. ವಾಪಸ್ಸಾದದ್ದರಲ್ಲಿ ಸ್ವಲ್ಪ ಒಳಗೇ ಅತ್ತಿತ್ತ ಬಡಿದು ಚಿತ್ರವನ್ನು ಮಂಕು ಮಾಡುತ್ತದೆ.

1890ರ ದಶಕದಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಒಂದು ವಿಚಿತ್ರ ಕಂಡರು. ಹಳತಾಗಿ ಮೈ ಬಣ್ಣಗೆಟ್ಟ ಲೆನ್ಸು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತಿತ್ತು! ಕೆಟ್ಟಿದೆ ಅಂದುಕೊಂಡ ಪದರವೇ ಉಪಕಾರ ಮಾಡಿತ್ತು. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ, ನಿರ್ವಾತದಲ್ಲಿ ಅಂಥ ಪದರವನ್ನು ಬೇಕೆಂತಲೇ ಕೂರಿಸುವ ವಿಧಾನ ಕಂಡುಹಿಡಿದರು. ಮುಂದೆ ಮೆಗ್ನೀಸಿಯಂ ಫ್ಲೋರೈಡ್ ಪದರ ಎಲ್ಲೆಡೆ ಬಳಕೆಗೆ ಬಂತು. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ನಮ್ಮ ಎಸಿ ಕರೆಂಟಿನ ಭಾಷೆಯಲ್ಲಿ ಹೇಳೋದಾದರೆ, ಪದರದ ಮೇಲಿಂದಲೂ ಕೆಳಗಿಂದಲೂ ವಾಪಸ್ಸಾಗುವ ಎರಡು ಅಲೆ 180 ಡಿಗ್ರಿ ಫೇಸ್ ವ್ಯತ್ಯಾಸದಲ್ಲಿ ಸೇರಿ ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ. ಆ ಬೆಳಕು ಮುಂದಕ್ಕೆ ಹೋಗುತ್ತದೆ. ನೀವು ಟೂತ್‌ಪೇಸ್ಟಿನಿಂದ ಉಜ್ಜಿ ತೆಗೆಯೋದು ಇದನ್ನೇ. ಹಳೇ ಕೋಟಿಂಗ್ ಕೆಲವು ತುಂಬಾ ಮೆದು.

ಇನ್ನು ಗಾಜಿನ ವಿಷಯ. ಬೆಳಕನ್ನು ಹೆಚ್ಚು ಬಾಗಿಸಬೇಕು, ಬಣ್ಣ ಮಾತ್ರ ಚದುರಬಾರದು ಅಂತ ಗಾಜಿಗೆ ಥೋರಿಯಂ ಆಕ್ಸೈಡ್ ಸೇರಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಚಿತ್ರ ತೆಗೆಯಲು ಬಳಸಿದ ಕೊಡಾಕ್ ಏರೋ ಎಕ್ಟಾರ್, 1960ರ ದಶಕದ ಕೆಲವು ಸೂಪರ್ ಟಾಕುಮಾರ್ 50 ಮಿಮೀ ಎಫ್ 1.4 ಇಂಥವು. ಥೋರಿಯಂ ವಿಕಿರಣಶೀಲ. ಅದರ ವಿಕಿರಣದಿಂದಲೇ ಗಾಜು ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಇದು ಕೊಳೆಯಲ್ಲ, ಉಜ್ಜಿದರೆ ಹೋಗೋದೂ ಇಲ್ಲ. ಯುವಿ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಣ್ಣ ಇಳಿಯುತ್ತದೆ. ಆ ದೀಪವನ್ನು ನೇರ ನೋಡಬೇಡಿ. ಇಲ್ಲಿನ ಬಿಸಿಲಿಗೆ ಲೆನ್ಸ್ ಇಡಲೇಬೇಡಿ, ಬೆಂಕಿ ಹತ್ತೀತು.

ಹೆದರಬೇಕಾ? ಟಿಗ್ ವೆಲ್ಡಿಂಗ್ ಮಾಡುವ ಅಣ್ಣಂದಿರಿಗೆ ಕೆಂಪು ತುದಿಯ ಟಂಗ್‌ಸ್ಟನ್ ರಾಡ್ ಗೊತ್ತು, ಅದರಲ್ಲೂ ಥೋರಿಯಂ ಇದೆ. ಅದನ್ನು ಗ್ರೈಂಡ್ ಮಾಡುವಾಗ ಧೂಳು ಕುಡಿಯಬಾರದು ಅಂತಾರಲ್ಲ, ಇದಕ್ಕೂ ಅದೇ ಮಾತು. ಕ್ಯಾಮೆರಾಕ್ಕೆ ಹಾಕಿ ಬಳಸಿದರೆ ತೊಂದರೆ ತೀರಾ ಕಡಿಮೆ. ಗಾಜನ್ನು ಸವೆಸಬೇಡಿ, ಒಡೆದ ಚೂರು ಇಟ್ಟುಕೊಳ್ಳಬೇಡಿ, ಮಕ್ಕಳಿಗೆ ಭೂತಗನ್ನಡಿ ಅಂತ ಕೊಡಬೇಡಿ.

ಧೂಳಿದ್ದರೆ ಗಾಳಿ ಊದುವ ರಬ್ಬರ್ ಬುರುಡೆ, ಆಮೇಲೆ ಮೆತ್ತನೆಯ ಬ್ರಷ್. ಅಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ.